ಇಪ್ಪತ್ತನೆಯ ಕಿಲೋಮೀಟರಿನ ಧೂಳು

ಹಿಸ್ಕಿಯನ ಮುಖ ನೋಡುವ ಮೊದಲು ನಾನು ನೋಡಿದ್ದು ಅವನ ಬೂಟುಗಳನ್ನು. ಎಡಗಾಲಿನದಕ್ಕೆ ಕಪ್ಪು ಲೇಸು, ಬಲಗಾಲಿನದಕ್ಕೆ ಮೀನುಬಲೆಯ ಹಸಿರು ದಾರ. ಉಳಿದ ಮನುಷ್ಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದ ನನ್ನ ಪಿಕಪ್ಪಿನ ಕೆಳಗಿದ್ದ.

"ಯಾರದು ಈ ಗಾಡಿ?" ಕೆಳಗಿನಿಂದಲೇ ಗದರಿದ.

"ನನ್ನದು."

"ನಾಚಿಕೆ ಆಗಲ್ವಾ? ಮೇಲೆ ಉಜ್ಜಿ ಉಜ್ಜಿ ಕನ್ನಡಿ ಥರ ಇಟ್ಕೊಂಡಿದ್ದೀರಿ. ಕೆಳಗೆ ಬಂದು ನೋಡಿ. ತುಕ್ಕು ಕಾಲು ಚಾಚ್ಕೊಂಡು ಊಟ ಮಾಡ್ತಿದೆ."

ಆಗ ನನಗೆ ಮೂವತ್ತೊಂದು ವರ್ಷ. ತೀರಿಕೊಂಡ ಅಪ್ಪನ ಬಿಳಿ ಪಿಕಪ್ಪನ್ನು ಓಡಿಸಿಕೊಂಡು, ಒಳನಾಡಿನ ಉಯಿಸ್‌ನಿಂದ ಮರಳುಗಾಡಿನಂಚಿನ ಕಡಲೂರು ಹೆಂಟೀಸ್ ಬೇ ಶಾಲೆಗೆ ಟೀಚರಾಗಿ ಬಂದು ಎಂಟು ತಿಂಗಳಾಗಿತ್ತು. ನನ್ನನ್ನು ಹಾಗೆ ಗದರಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಅವನು ತೆವಳಿಕೊಂಡು ಹೊರಬಂದ. ನನ್ನನ್ನು ನೋಡಿ ತಟ್ಟನೆ ಎದ್ದು ಟೋಪಿ ತೆಗೆದ.

"ಅಯ್ಯೋ, ಟೀಚರ್! ತಪ್ಪಾಯ್ತು. ಯಾರದೋ ಹೆಂಡತಿ ಗಂಡನ ಗಾಡಿ ತಂದಿದಾರೆ ಅಂದ್ಕೊಂಡೆ."

"ಗಂಡ ಇಲ್ಲ."

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಬಹಳ ಹೊತ್ತು ನೋಡಿದ. ಸುತ್ತಿಗೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನಮ್ಮ ಕಡಲತೀರದ ರಸ್ತೆ ಉಪ್ಪಿನದು. ಉಪ್ಪುನೀರು ಕುಡಿಸಿ, ಗಟ್ಟಿಮಾಡಿ ಹಾಸಿದ್ದು. ಒಣಗಿದಾಗ ಡಾಂಬರಿನಷ್ಟೇ ನಯ. ಆದರೆ ರಾತ್ರಿಯ ಮಂಜು ಕುಡಿದ ಉಪ್ಪು ಬೆಳಿಗ್ಗೆ ಕೆಸರಾಗಿ ಗಾಡಿಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಬೇರೆ ಊರಿನ ಗಾಡಿಗಳು ಓಡಿ ಓಡಿ ಸಾಯುತ್ತವೆ. ನಮ್ಮವು ನಿಂತಲ್ಲೇ ಕೆಳಗಿನಿಂದ ಕರಗುತ್ತವೆ.

ಹಿಸ್ಕಿಯನ ಕೆಲಸವೇ ಅದನ್ನು ತಡೆಯುವುದು. ಮೊದಲು ಸಿಹಿನೀರಿನಲ್ಲಿ ತಳವನ್ನೆಲ್ಲ ತೊಳೆದು ಎರಡು ದಿನ ಒಣಗಿಸುತ್ತಿದ್ದ. ಆಮೇಲೆ ಚಿಕ್ಕ ಸುತ್ತಿಗೆಯಿಂದ ಒಂದೊಂದೇ ಕಡೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ.

"ಠಣ್ ಅಂದ್ರೆ ಜೀವ ಇದೆ ಟೀಚರ್. ದಬ್ ಅಂದ್ರೆ ಹೋಯ್ತು."

ದಬ್ ಎಂದಲ್ಲಿ ಕೆರೆದು, ಬೆಸುಗೆ ಹಾಕಿ, ರೆಡ್ ಆಕ್ಸೈಡ್ ಬಳಿಯುತ್ತಿದ್ದ. ಬ್ರೇಕುಗಳಿಗೆ ಎಣ್ಣೆ ತಾಗಬಾರದೆಂದು ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದ. ಆ ಗಂಟುಗಳನ್ನು ಮಕ್ಕಳ ಬುತ್ತಿ ಕಟ್ಟುವಷ್ಟು ಮೆತ್ತಗೆ ಹಾಕುತ್ತಿದ್ದ. ಹಳೆಯ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ತಳಕ್ಕೆಲ್ಲ ಸಿಂಪಡಿಸಿದ ಮೇಲೆ, ರಬ್ಬರಿನ ಭಾಗಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದ.

"ಎಣ್ಣೆ ಕಬ್ಬಿಣಕ್ಕೆ ಔಷಧಿ, ರಬ್ಬರಿಗೆ ವಿಷ. ಎಲ್ಲರಿಗೂ ಒಂದೇ ಪ್ರೀತಿ ಆಗಲ್ಲ."

ಹಾಗೆಂದು ತಾನೇ ಬೆಚ್ಚಿ, ಕೆಮ್ಮಿದ.

ಕೊನೆಯದು ಧೂಳು. ಹಸಿ ಎಣ್ಣೆ ತೊಟ್ಟಿಕ್ಕಿ ಹೋಗದಿರಲು ಗಾಡಿಯನ್ನು ಕೂಡಲೇ ಉಯಿಸ್ ಕಡೆಯ ಮಣ್ಣುರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಬೇಕು. ಎದ್ದ ಧೂಳು ಎಣ್ಣೆಗೆ ಅಂಟಿ ಚಿಪ್ಪಿನಂತೆ ಗಟ್ಟಿಯಾಗುತ್ತದೆ. ಆರು ತಿಂಗಳಿಗೊಮ್ಮೆ ನಾನು ಓಡಿಸುತ್ತಿದ್ದೆ, ಅವನು ಪಕ್ಕದಲ್ಲಿ ಕೂರುತ್ತಿದ್ದ. ಕೂರುವ ಮೊದಲು ಜೇಬಿನಿಂದ ಮಡಿಸಿದ ನ್ಯೂಸ್‌ಪೇಪರ್ ತೆಗೆದು ಸೀಟಿನ ಮೇಲೆ ಹಾಸುತ್ತಿದ್ದ.

"ನಿಮ್ಮ ಕಡೆ ಗಾಜು ಏರಿಸ್ಕೊಳ್ಳಿ ಟೀಚರ್, ಧೂಳು."

"ನಿಮ್ಮ ಕಡೆ?"

"ನಾನು ಸದ್ದು ಕೇಳಬೇಕು."

ಹೀಗೆ ಆರು ವರ್ಷ. ಬಲಗಡೆ ದೂರದಲ್ಲಿ ಸ್ಪಿಟ್ಸ್‌ಕೊಪ್ಪೆ ಬೆಟ್ಟ ಮಂಜಿನಿಂದ ತಲೆಯೆತ್ತುತ್ತಿತ್ತು. ನಾವು ಆಡುತ್ತಿದ್ದ ಮಾತು ಕಡಿಮೆ. ಅವನು ನನ್ನ ಶಾಲೆಯ ಮಕ್ಕಳ ಬಗ್ಗೆ ಕೇಳುತ್ತಿದ್ದ. ಹಿಂದಿನ ಸಲ ಹೇಳಿದ ಹೆಸರುಗಳೆಲ್ಲ ನೆನಪಿರುತ್ತಿದ್ದವು. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಬಿಳಿ ಬಣ್ಣ ಬಳಿದ ಒಂದು ಹಳೇ ಡ್ರಮ್ಮಿತ್ತು. ಅಲ್ಲಿ ಇಳಿದು, ಬಗ್ಗಿ, ತಳವನ್ನು ಒಂದು ಬೆರಳಿನಿಂದ ಮುಟ್ಟಿ ಹೇಳುತ್ತಿದ್ದ: "ಹತ್ತಿತು. ತಿರುಗಿಸಿ."

"ಇನ್ನೂ ಸ್ವಲ್ಪ ಹೋಗೋಣ್ವಾ?"

"ಸಾಕು ಟೀಚರ್. ಹತ್ತಿತು."

ಅಷ್ಟರಲ್ಲಿ ಧೂಳಿಗೆ ಅವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿರುತ್ತಿದ್ದವು. ವಯಸ್ಸಾದಾಗ ಹಿಸ್ಕಿಯ ಹೇಗೆ ಕಾಣುತ್ತಾನೆಂದು ನನಗೆ ಮೊದಲ ವರ್ಷವೇ ಗೊತ್ತಾಗಿಹೋಗಿತ್ತು. ಮನೆಗೆ ಬಂದು ಅವನು ಬಿಟ್ಟುಹೋದ ಪೇಪರನ್ನು ಮಡಿಸಿ ಕಪಾಟಿನಲ್ಲಿಡುತ್ತಿದ್ದೆ. ಹನ್ನೆರಡು ಸೇರಿದ್ದವು.

ಏಳನೆಯ ವರ್ಷಕ್ಕೆ ಕಾಲಿಡುವಾಗ ಪತ್ರ ಬಂತು. ಉಯಿಸ್ ಆಚೆಯ ಕೋರಿಹಾಸ್ ಶಾಲೆಗೆ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡಿದ್ದರು. ಜನವರಿಗೆ ಸೇರಬೇಕು, ಶುಕ್ರವಾರದೊಳಗೆ ಒಪ್ಪಿಗೆ ಕಳಿಸಬೇಕು. ಅಪ್ಪ ಇದ್ದಿದ್ದರೆ ಊರಿಗೆಲ್ಲ ಊಟ ಹಾಕಿಸುತ್ತಿದ್ದರು. ನಾನು ಪತ್ರವನ್ನು ಚೀಲದಲ್ಲಿಟ್ಟುಕೊಂಡು ಮಂಗಳವಾರ ಗಾಡಿಯನ್ನು ಹಿಸ್ಕಿಯನಲ್ಲಿಗೆ ಒಯ್ದೆ.

"ಕೋರಿಹಾಸಾ?" ಎಂದ. ಬಗ್ಗಿ ತಳವನ್ನೊಮ್ಮೆ ತಟ್ಟಿ, "ಒಳ್ಳೇದಾಯ್ತು. ಅಲ್ಲಿ ಮಂಜಿಲ್ಲ, ಉಪ್ಪಿಲ್ಲ. ಇನ್ನು ಇಪ್ಪತ್ತು ವರ್ಷ ಏನೂ ಆಗಲ್ಲ."

"ಯಾರಿಗೆ?"

"ಗಾಡಿಗೆ."

ಗುರುವಾರ ಬೆಳಿಗ್ಗೆ ಹೋದಾಗ ಎಣ್ಣೆ ಹೊಡೆದು ಮುಗಿದಿತ್ತು. ನಾನು ಸ್ಟೇರಿಂಗ್ ಹಿಡಿದು ಕಾದೆ. ಪಕ್ಕದ ಬಾಗಿಲು ತೆರೆಯಲಿಲ್ಲ.

"ಈ ಸಲ ನೀವೇ ಹೋಗಿ ಬನ್ನಿ ಟೀಚರ್," ಎಂದ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ. "ಡ್ರಮ್ಮಿನ ಹತ್ತಿರ ತಿರುಗಿಸಿದ್ರಾಯ್ತು. ನನಗೆ ಕೆಲಸ ಇದೆ."

ಗ್ಯಾರೇಜಿನಲ್ಲಿ ಬೇರೆ ಗಾಡಿ ಇರಲಿಲ್ಲ. ಅವನ ಜೇಬಿನಿಂದ ಮಡಿಸಿದ ಪೇಪರಿನ ತುದಿ ಕಾಣುತ್ತಿತ್ತು.

ಗೇಟಿನ ಬಳಿ ಅವನ ಅಜ್ಜಿ, ಊರೆಲ್ಲ ಔಮಾ ಎಂದು ಕರೆಯುವ ರೋಸಲೀನ್, ವೆಟ್‌ಕೂಕ್ ಕರಿಯುತ್ತಿದ್ದಳು. ಎಣ್ಣೆಯಲ್ಲಿ ಹಿಟ್ಟಿನ ಉಂಡೆಗಳು ಉಬ್ಬಿ ತಿರುಗುತ್ತಿದ್ದವು.

"ಏನಮ್ಮಾ, ಒಬ್ಬಳೇ?"

"ಅವರಿಗೆ ಪುರುಸೊತ್ತಿಲ್ಲವಂತೆ ಔಮಾ. ಧೂಳು ಹತ್ತಿಸೋವರೆಗೂ ಜೊತೆಗೆ ಬರೋದು ಅವರ ಕೆಲಸಾನೇ ಅಲ್ವಾ?"

ಔಮಾ ಜಾಲರಿ ಸೌಟನ್ನು ಕೆಳಗಿಟ್ಟಳು. ನಗಲು ಶುರುಮಾಡಿದವಳು ಬಾಣಲೆಯಲ್ಲಿದ್ದದ್ದು ಕಪ್ಪಾಗುವವರೆಗೂ ನಿಲ್ಲಿಸಲಿಲ್ಲ.

"ಕೆಲಸಾನಾ? ಯಾರು ಹೇಳಿದ್ದು ನಿಂಗೆ? ಈ ಊರಲ್ಲಿ ನೂರು ಗಾಡಿಗೆ ಎಣ್ಣೆ ಹೊಡೀತಾನೆ ನನ್ನ ಮೊಮ್ಮಗ. ಪಾದ್ರಿಗಳ ಜೊತೆ ಹೋಗಿದಾನಾ? ಮೀನಿನ ಲಾರಿಯವರ ಜೊತೆ ಹೋಗಿದಾನಾ? ಎಲ್ಲಾರೂ ತಮ್ಮ ಪಾಡಿಗೆ ತಾವು ಧೂಳು ಎಬ್ಬಿಸ್ಕೊಂಡು ಬರ್ತಾರಮ್ಮ! ಇನ್ನೊಂದು ಕೇಳು. ಎಲ್ಲರ ಗಾಡಿಗೂ ವರ್ಷಕ್ಕೊಂದು ಸಲ. ನಿನ್ನ ಗಾಡಿಗೆ ಎರಡು ಸಲ."

"ತುಕ್ಕು ಜಾಸ್ತಿ ಅಂದಿದ್ರು…"

"ಜಾಸ್ತಿನೇ. ಗಾಡಿಗಲ್ಲ."

ಕೆಂಡದಂತಿದ್ದ ಒಂದು ವೆಟ್‌ಕೂಕನ್ನು ಕಾಗದದಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಳು. "ತಿನ್ನು. ಮುಖ ಬಿಳಿಚ್ಕೊಂಡಿದೆ."

ಬಲಕ್ಕೆ ಹೋದರೆ ಉಯಿಸ್ ರಸ್ತೆ, ಡ್ರಮ್ಮು. ಎಡಕ್ಕೆ ಕಡಲು, ಉಪ್ಪಿನ ರಸ್ತೆ. ಮಂಜು ಇನ್ನೂ ಎದ್ದಿರಲಿಲ್ಲ. ಗಾಡಿಯ ತಳದಲ್ಲಿ ಎಣ್ಣೆ ಹಸಿಹಸಿಯಾಗಿತ್ತು. ಹಾಗೆ ಹಸಿ ಎಣ್ಣೆಯಲ್ಲಿ ಒದ್ದೆ ಉಪ್ಪಿನ ಮೇಲೆ ಗಾಡಿ ಓಡಿಸುವುದು ನಮ್ಮ ಊರಿನಲ್ಲಿ ಕುಡುಕರೂ ಮಾಡದ ಕೆಲಸ.

ನಾನು ಎಡಕ್ಕೆ ತಿರುಗಿಸಿದೆ.

ಹತ್ತು ಕಿಲೋಮೀಟರ್ ಹೋಗಿ, ಹತ್ತು ಕಿಲೋಮೀಟರ್ ಬಂದೆ. ಉಪ್ಪುಕೆಸರು ತಳಕ್ಕೆ ಬಡಿಯುವ ಸದ್ದನ್ನು ಕೇಳಲು ನನ್ನ ಕಡೆಯ ಗಾಜು ಇಳಿಸಿಕೊಂಡಿದ್ದೆ. ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಹಿಸ್ಕಿಯ ಬಗ್ಗಿ ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಟೀಚರ್! ಏನ್ ಮಾಡಿದ್ರಿ ಇದು! ಹಸಿ ಎಣ್ಣೆ ಮೇಲೆ ಉಪ್ಪು… ಆರು ವರ್ಷದಿಂದ ಏನು ಹೇಳ್ಕೊಟ್ಟೆ ನಾನು ನಿಮಗೆ?"

"ದಾರಿ ತಪ್ಪಿತು."

"ನೀವು ಹುಟ್ಟಿದೂರಿನ ದಾರಿ ಅದು! ನಿಮಗೆ ತಪ್ಪುತ್ತಾ?"

"ಒಬ್ಬಳೇ ಹೋದರೆ ತಪ್ಪುತ್ತೆ."

ಅವನ ಕೈಗಳು ತಲೆಯ ಮೇಲೇ ಉಳಿದವು. ಗೇಟಿನ ಬಳಿ ಔಮಾಳ ಬಾಣಲೆ ಚುಯ್ ಎಂದಿತು.

"ಮತ್ತೆ ತೊಳೀಬೇಕು," ಎಂದ ಕೊನೆಗೆ, ಬಹಳ ಮೆಲ್ಲಗೆ. "ಎರಡು ದಿನ ಒಣಗಬೇಕು."

"ಒಣಗಲಿ."

"ಆಮೇಲೆ ಮತ್ತೆ ಎಣ್ಣೆ ಹೊಡೀಬೇಕು."

"ಆಮೇಲೆ?"

ನೀರಿನ ಪೈಪು ತರಲು ಹೋದವನು ಬಾಗಿಲಿಗೆ ಹಣೆ ತಾಗಿಸಿಕೊಂಡ.

ಶುಕ್ರವಾರ ನಾನು ಒಪ್ಪಿಗೆ ಬರೆದು ಅಂಚೆಗೆ ಹಾಕಿದೆ. ಕೋರಿಹಾಸ್‌ಗೆ ಹೋಗಬಾರದೆಂದು ನಾನು ಗಾಡಿಗೆ ಉಪ್ಪು ಮೆತ್ತಿರಲಿಲ್ಲ. ಒಬ್ಬಳೇ ಹೋಗಬಾರದೆಂದು.

ಶನಿವಾರ ಅವನು ಪೇಪರ್ ಹಾಸಿ ಪಕ್ಕದಲ್ಲಿ ಕೂತ. ಎಣ್ಣೆ ಮೆತ್ತಿದ ಅದೇ ಬಟ್ಟೆ. ಆದರೆ ಎರಡೂ ಬೂಟಿಗೆ ಹೊಸ ಕಪ್ಪು ಲೇಸು. ಹತ್ತೊಂಬತ್ತು ಕಿಲೋಮೀಟರ್ ದಾಟಿದೆವು. ಬಿಳಿ ಡ್ರಮ್ಮು ಕಾಣಿಸಿತು. ನಾನು ನಿಧಾನಿಸಿದೆ. ಅವನು ಇಳಿಯುವ ಲಕ್ಷಣ ಕಾಣಲಿಲ್ಲ.

"ಹತ್ತಿತಾ?" ಎಂದೆ.

"ಇಲ್ಲ."

"ಇಳಿದು ನೋಡದೇನೇ?"

"ಇನ್ನೂ ಹತ್ತಿಲ್ಲ ಟೀಚರ್. ಹೋಗಿ."

ಡ್ರಮ್ಮು ಹಿಂದಾಯಿತು.

"ಮುಂದೆ ಉಯಿಸ್. ನಮ್ಮಮ್ಮನ ಮನೆ."

"ಗೊತ್ತು."

"ಹೆಣ್ಣು ಕೇಳೋಕೆ ಬಂದವರನ್ನ ನಮ್ಮಮ್ಮ ಸುಮ್ಮನೆ ಒಳಗೆ ಬಿಡಲ್ಲ. ಬಿಸಿಲಲ್ಲಿ ಅರ್ಧ ದಿನ ಹೊರಗೆ ಕೂರಿಸ್ತಾಳೆ. ಅದೂ ಈ ಬಟ್ಟೆಯಲ್ಲಿ ಬಂದವರನ್ನ…"

"ಪೇಪರ್ ಇದೆ. ಹಾಸ್ಕೊಂಡು ಕೂರ್ತೀನಿ."

ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆ ಮುಖಮಾಡಿ ಕೇಳಿದ: "ಕೋರಿಹಾಸ್‌ನಲ್ಲಿ ತುಕ್ಕೇ ಇಲ್ಲವಲ್ಲ. ನನ್ನಂಥವನು ಅಲ್ಲಿ ಏನು ಮಾಡಬೇಕು?"

"ಅಲ್ಲಿ ಧೂಳಿದೆ," ಎಂದೆ.

ಅವನು ನಕ್ಕ. ಆರು ವರ್ಷದಲ್ಲಿ ಅವನು ನನ್ನ ಕಡೆ ಪೂರ್ತಿ ತಿರುಗಿ ನಕ್ಕಿದ್ದು ಅದೇ ಮೊದಲು. ಮುಂದಿನ ಹಲ್ಲುಗಳ ನಡುವೆ ಒಂದು ಸಣ್ಣ ಸಂದಿಯಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

"ಗಾಜು ಏರಿಸ್ಕೊಳ್ಳಿ. ಧೂಳು ಬರುತ್ತೆ."

ನಾನು ಗಾಜನ್ನು ಪೂರ್ತಿ ಇಳಿಸಿದೆ.

ನೂರಿಪ್ಪತ್ತು ಕಿಲೋಮೀಟರಿನ ಧೂಳನ್ನು ಇಬ್ಬರೂ ಸಮವಾಗಿ ತಿಂದೆವು. ಉಯಿಸ್‌ನಲ್ಲಿ ಅಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪಿಕಪ್ಪಿನಿಂದ ಇಳಿದ ನಮ್ಮಿಬ್ಬರ ಬಿಳಿ ಹುಬ್ಬು, ಬಿಳಿ ರೆಪ್ಪೆ, ಬಿಳಿ ತಲೆಗಳನ್ನು ಹಣೆಗೆ ಕೈ ಅಡ್ಡಹಿಡಿದು ನೋಡಿದಳು.

"ಯಾರಪ್ಪಾ ಈ ಅಜ್ಜ ಅಜ್ಜಿ?" ಎಂದಳು. "ಬನ್ನಿ, ಒಳಗೆ ಬನ್ನಿ, ಬಿಸಿಲಲ್ಲಿ ನಿಲ್ಲಬೇಡಿ."