ಸಂದರ್ಶನದ ದಿನದ ಕಾಡಿಗೆ

೧೯೫೯ರ ಜೂನ್ ತಿಂಗಳ ಒಂದು ಬೆಳಿಗ್ಗೆ. ಗೊರಗುಂಟೆಪಾಳ್ಯದ ನನ್ನ ಮನೆಯ ಜಗಲಿಯಲ್ಲಿ ನಾನೂ ಪಕ್ಕದ ಮನೆಯ ದಸ್ತಗೀರ್ ಸಾಹೇಬರೂ ಚಹಾ ಕುಡಿಯುತ್ತಿದ್ದಾಗ ಜಾಲಹಳ್ಳಿಯ ಚಿಕ್ಕಬೈರಪ್ಪ ಏದುಸಿರು ಬಿಡುತ್ತ ಬಂದ. ತಲೆವಸ್ತ್ರ ಬಲಗಣ್ಣಿನ ಮೇಲೆ ಇಳಿಬಿದ್ದಿತ್ತು.

"ಮೇಷ್ಟ್ರೇ, ಲಕ್ಷ್ಮಿಗೆ ಕಣ್ಣೇ ಕಾಣ್ತಿಲ್ಲ! ಪುಸ್ತಕ ಇಡ್ಕೊಂಡು ಅಳ್ತಾವ್ಳೆ. ಇವತ್ತು ಇಂಟರ್‌ವ್ಯೂಗೆ ಬರಾಕಿಲ್ಲ ಅಂತ ಯೋಳಕ್ಕೆ ಬಂದೆ."

ಅವನ ಮಗಳು ಲಕ್ಷ್ಮಿದೇವಮ್ಮ ನನ್ನ ಶಿಷ್ಯೆ. ವೈದ್ಯಕೀಯ ಕಾಲೇಜಿನವರು ಏನೇನು ಕೇಳಬಹುದೋ ಅದನ್ನೆಲ್ಲ ನಾನೇ ಕೇಳಿ ಕೇಳಿ ಅವಳನ್ನು ತಯಾರು ಮಾಡಿದ್ದೆ. ಆ ದಿನ ಮಧ್ಯಾಹ್ನವೇ ಅವಳ ಸಂದರ್ಶನ.

ಪತ್ತೇದಾರಿ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿದ್ದ ದಸ್ತಗೀರ್ ಲೋಟ ಕೆಳಗಿಟ್ಟರು. "ನಡೀರಿ ನರಸಿಂಹಯ್ಯ ಮಾಸ್ತರ್, ನಾನೂ ಬರ್ತೀನಿ."

ಜಾಲಹಳ್ಳಿಯ ಮನೆಯಲ್ಲಿ ಹುಡುಗಿ ಕತ್ತಲ ಮೂಲೆಯಲ್ಲಿ ಕುಳಿತಿದ್ದಳು. ಬಾಗಿಲು ತೆರೆದೊಡನೆ ಕೈಯಿಂದ ಮುಖ ಮುಚ್ಚಿಕೊಂಡಳು. "ಬೆಳಕು ಚುಚ್ಚುತ್ತೆ ಸಾರ್. ಅಕ್ಷರ ಎಲ್ಲಾ ಕಲಸಿಹೋಗಿದೆ."

ದಸ್ತಗೀರ್ ಕಿಟಕಿಯಾಚೆ ಬೆರಳು ತೋರಿದರು. "ಆ ಮರದ ಮೇಲೇನಿದೆ ಬೇಟಿ?"

"ಕಾಗೆ."

ದೂರದ್ದು ಕಾಣುತ್ತಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ. ಅಷ್ಟು ಬೆಳಕಿದ್ದರೂ ಅವಳ ಕಣ್ಣಪಾಪೆಗಳು ಅಗಲವಾಗಿಯೇ ಇದ್ದವು. ಕಣ್ಣಿನ ಸುತ್ತ ನಿನ್ನೆಯ ಕಾಡಿಗೆ.

ಅಜ್ಜಿ ಮುನಿಗಂಗಮ್ಮ ಬಿಕ್ಕಿದಳು. "ಕಾಡಿಗೆ ನಾನೇ ಮಾಡಿದ್ದು ಸ್ವಾಮಿ. ನಿನ್ನೆ ಲಕ್ಕಣ್ಣ ಕಾರ್ಖಾನೆಗೋದ್ಮೇಲೆ ನಾನೂ ಇಕ್ಕಂಡೆ, ನಂಗೇನೂ ಆಗ್ಲಿಲ್ಲ. ಮಗು ಸಂಜೆ ಇಕ್ಕಂಡ್ಲು."

ಅಣ್ಣ ಲಕ್ಕಣ್ಣ ಎರಡು ಪಾಳಿ ಮುಗಿಸಿ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. "ಎಣ್ಮಕ್ಳಿಗೆ ಡಾಕ್ಟ್ರು ಓದು ಬ್ಯಾಡ ಅಂತ ಆವತ್ತೇ ಅಂದೆ" ಎಂದ. ಇವನದೇ ಕೆಲಸ ಎಂದು ನಾನು ಹಲ್ಲು ಕಡಿದೆ.

ದಸ್ತಗೀರ್ ಹಿತ್ತಲಿಗೆ ಹೋದರು. ಬೇಲಿಯ ಪಕ್ಕದ ಉಮ್ಮತ್ತಿ ಗಿಡದಲ್ಲಿ ಎಲೆಗಳನ್ನು ಯಾರೋ ಹೊಸದಾಗಿ ಚಿವುಟಿದ್ದರು. ಅವರು ಎಲ್ಲರನ್ನೂ ಅಂಗಳಕ್ಕೆ ಕರೆದು ಬಿಸಿಲಿಗೆ ಮುಖ ಮಾಡಿಸಿದರು.

"ಉಮ್ಮತ್ತಿ ರಸ ಕಣ್ಣಿಗೆ ಬಿದ್ರೆ ಪಾಪೆ ಅರಳಿಬಿಡುತ್ತೆ, ಓದೋಕಾಗಲ್ಲ. ಕೆಲವು ದಿನದಲ್ಲಿ ತಾನಾಗೇ ಸರಿಹೋಗುತ್ತೆ. ಹೆದರಬೇಡ ಬೇಟಿ. ಅಜ್ಜಿ ಹಚ್ಚಿಕೊಂಡಾಗ ಕಾಡಿಗೆ ಶುದ್ಧವಾಗಿತ್ತು. ರಸ ಸೇರಿದ್ದು ಆಮೇಲೆ. ಆಗ ಲಕ್ಕಣ್ಣ ಮನೇಲೇ ಇರಲಿಲ್ಲ."

"ಹಾಗಾದರೆ ಯಾರು?" ಎಂದೆ.

"ಮಗಳ ಕಣ್ಣು ಹೋಯ್ತು ಅಂದ್ರೆ ಯಾವ ಅಪ್ಪನಾದ್ರೂ ಮೊದಲು ಡಾಕ್ಟರ ಹತ್ರ ಓಡ್ತಾನೆ ಮಾಸ್ತರ್. ಇವರು ಇಂಟರ್‌ವ್ಯೂಗೆ ಬರಲ್ಲ ಅಂತ ಹೇಳೋಕೆ ನಿಮ್ಮ ಹತ್ರ ಬಂದ್ರು. ಕಣ್ಣು ವಾಪಸ್ ಬರುತ್ತೆ ಅಂತ ಇವರಿಗೆ ಗೊತ್ತಿತ್ತು." ದಸ್ತಗೀರ್ ಚಿಕ್ಕಬೈರಪ್ಪನ ತಲೆವಸ್ತ್ರವನ್ನು ಮೆಲ್ಲಗೆ ಸರಿಸಿದರು. ಬಿಸಿಲಿಗೆ ಎಲ್ಲರ ಪಾಪೆಯೂ ಕಿರಿದಾಗಿತ್ತು. ಅವನ ಬಲಗಣ್ಣಿನದು ಮಾತ್ರ ಮಗಳದ್ದರಂತೆ ಅರಳಿತ್ತು. "ಎಲೆ ಅರೆದ ಕೈಯಲ್ಲೇ ಕಣ್ಣು ಉಜ್ಜಿಕೊಂಡಿದ್ದೀರಿ."

ಚಿಕ್ಕಬೈರಪ್ಪ ಕುಸಿದು ಕುಳಿತ. "ಇವಳವ್ವ ಆಸ್ಪತ್ರೆ ಒಳಕ್ಕೆ ನಡ್ಕೊಂಡೋದ್ಲು, ಚಾಪೇಲಿ ಎಣವಾಗಿ ಬಂದ್ಲು. ಇವಳೂ ದಿನಾ ಅಲ್ಗೇ ಓಗ್ತಾಳೆ ಅಂದ್ರೆ ಜೀವ ತಡೀಲಿಲ್ಲ. ಊರ ಮುಂದೆ ಊಂ ಅಂದ್ಬಿಟ್ಟಿದ್ದೆ, ಬ್ಯಾಡ ಅನ್ನಕ್ಕೆ ನಾಲಗೆ ಏಳ್ಲಿಲ್ಲ." ಅವನು ಗೊಳೋ ಎಂದು ಅತ್ತ.

ದಸ್ತಗೀರ್ ನನ್ನತ್ತ ತಿರುಗಿದರು. "ಇಂಟರ್‌ವ್ಯೂನಲ್ಲಿ ಓದೋದೇನಿದೆ? ಮಾತಾಡೋದು ತಾನೇ?"

ಲಕ್ಷ್ಮಿದೇವಮ್ಮ ಎದ್ದಳು. ತಡವಿಕೊಂಡು ಹಂಡೆಯ ಬಳಿ ಹೋಗಿ, ಕಾಡಿಗೆ ಪೂರ್ತಿ ಅಳಿಸುವ ತನಕ ಮುಖ ತಿಕ್ಕಿ ತೊಳೆದಳು. ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಅಪ್ಪನ ಎದುರು ನಿಂತಳು.

"ಅಳೋದು ಆಮೇಲೆ. ಗಾಡಿ ಕಟ್ಟು, ಒತ್ತಾಯ್ತದೆ."

ಅವನೇ ಗಾಡಿ ಹೊಡೆದ. ದಾರಿಯುದ್ದಕ್ಕೂ ನಾನು ಪ್ರಶ್ನೆ ಕೇಳಿದೆ, ಅವಳು ಕಣ್ಣುಮುಚ್ಚಿ ಉತ್ತರ ಹೇಳಿದಳು. ಆ ವರ್ಷ ಅವಳಿಗೆ ಸೀಟು ಸಿಕ್ಕಿತು. ಆದರೆ ಅವನನ್ನು ಮತ್ತೆ 'ಅಪ್ಪಯ್ಯ' ಎಂದು ಕರೆಯಲು ಅವಳಿಗೆ ದೀಪಾವಳಿ ಕಳೆಯಬೇಕಾಯಿತು.