ತಾಂಡೂರಿನಲ್ಲಿ ಮಾತ್ರ ಸಿಗುವ ಸಿನಿಮಾ

ಅವ್ವನ ನಗು ಉಳಿದಿದ್ದದ್ದು ಒಂದೇ ಒಂದು ಹಳೆಯ ಸಿನಿಮಾದಲ್ಲಿ. ಆ ಹಾಳು ಸಿನಿಮಾ ಯಾವ ಆ್ಯಪ್‌ನಲ್ಲೂ ಬಾಡಿಗೆಗೆ ಸಿಗುತ್ತಿರಲಿಲ್ಲ. ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಸ್ವರೂಪಾ ಹುಡುಕಿ ಹುಡುಕಿ ಸಾಕಾದಳು.

ಅವ್ವ ಪಾರ್ವತಿಬಾಯಿ ತೊಗರಿ ಕೊಯ್ಯುತ್ತಿದ್ದ ಹೊಲದಲ್ಲಿ ಒಮ್ಮೆ ಶೂಟಿಂಗ್ ನಡೆದು, ಕೂಲಿ ಹೆಂಗಸರನ್ನೆಲ್ಲ ಕ್ಯಾಮೆರಾ ಮುಂದೆ ನಡೆಸಿದ್ದರು. ಅವ್ವ ತೀರಿಹೋದ ಮೇಲೆ ಮಗಳ ಬಳಿ ಉಳಿದದ್ದು ಆಧಾರ್ ಕಾರ್ಡಿನ ಬಿಗಿದ ಮುಖವೊಂದೇ.

ಕೇಳುತ್ತ ಕೇಳುತ್ತ ತಾಂಡೂರಿಗೆ ಬಂದಳು. ಸಿನಿಮಾ ತೆಗೆದವರ ಮಗ ಬಾಲರಾಜ ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿ ಇಟ್ಟಿದ್ದ.

“ಆ್ಯಪ್‌ದಾಗ ಯಾಕ ಸಿಗಂಗಿಲ್ರಿ?”

“ಅಪ್ಪ ಟೀವಿಗೆ ಹಕ್ಕು ಮಾರಿದಾಗ ಇಂಥ ಆ್ಯಪೇ ಇರ್ಲಿಲ್ರಿ. ಈಗ ಅಪ್ಪ ಇಲ್ಲ, ಕೊಡಬೇಕಂದ್ರ ನಾನೂ ನಮ್ಮಣ್ಣನೂ ಇಬ್ರೂ ಹೂಂ ಅನಬೇಕು. ನಮ್ಮಿಬ್ಬರಿಗೆ ಮಾತೇ ಇಲ್ಲ.” ಅವಳ ಮುಖ ಬಾಡಿದ್ದು ಕಂಡು ಕುರ್ಚಿ ಎಳೆದ. “ನನ್ನ ಕಂಪ್ಯೂಟರ್‌ದಾಗ ಅದ. ಕೂಡ್ರಿ, ಹಾಕ್ತೀನಿ.”

ಪರದೆಯ ಮೇಲೆ ಅವ್ವ ಹೊರೆ ಹೊತ್ತು ತಿರುಗಿ ನಕ್ಕಳು. ಸ್ವರೂಪಾ ಅತ್ತಳು. ಬಾಲರಾಜ ಕೇಳದೆಯೇ ಅದನ್ನು ಮತ್ತೆ ಹಾಕಿದ.

ಅಂದಿನಿಂದ ಭಾನುವಾರವೆಂದರೆ ತಾಂಡೂರು. ಅವಳು ಪರದೆ ನೋಡುತ್ತಿದ್ದಳು, ಅವನು ಅವಳನ್ನು. ಅವಳು ತಿರುಗಿದರೆ ಸಾಕು, ಒರೆಸಿದ ಕಲ್ಲನ್ನೇ ಮತ್ತೆ ಒರೆಸುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳಿಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಚಹಾ ಕುಡಿಯುತ್ತಿದ್ದಳು. ವಾಪಸ್ಸಿನ ಬಸ್ಸಿನಲ್ಲಿ ಮಾತ್ರ ಎದೆ ಖಾಲಿ ಖಾಲಿ ಎನಿಸುತ್ತಿತ್ತು.

ನಾರಾಯಣಖೇಡದ ಮದುವೆಯೊಂದರಲ್ಲಿ ಬಾಲರಾಜನ ಅಣ್ಣ ಅಮರನಾಥ ಸಿಕ್ಕರು. ಅವಳು ಸಿನಿಮಾದ ಮಾತು ತೆಗೆದಳು.

“ನಾ ಹೂಂ ಅಂತ ಹೇಳಿಕಳಿಸಿ ಭಾಳ ದಿನ ಆತವ್ವಾ. ತಡದಾಂವ ನನ್ನ ತಮ್ಮ.”

ಮುಂದಿನ ಭಾನುವಾರ ಅವಳು ಕುರ್ಚಿ ಮುಟ್ಟಲಿಲ್ಲ.

“ನಿಮ್ಮಣ್ಣ ಹೂಂ ಅಂದಾರಂತ.”

“ಅಂದಾನ್ರಿ.” ಬಾಲರಾಜ ತಲೆ ಎತ್ತಲಿಲ್ಲ.

“ಮತ್ತ ನನಗ್ಯಾಕ ಹೇಳಲಿಲ್ಲ?”

“ಫೋನಿನ್ಯಾಗ ಸಿಕ್ರ ನೀವು ತಾಂಡೂರಿಗೆ ಯಾಕ ಬರ್ತೀರಿ? ವಾರ ಪೂರಾ ನಿಮ್ಮ ದಾರಿನೇ ನೋಡ್ತೀನಿ.”

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಒಳಗೆ ಸುಖವೂ ಆಯಿತು, ಆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ನಮ್ಮವ್ವನ್ನ ಅಡ ಇಟ್ಕೊಂಡು ನನ್ನ ಕರಸಬ್ಯಾಡ್ರಿ. ಆ ಹೊಲದಾಗ ಮತ್ತೂ ಹೆಣ್ಮಕ್ಕಳಿದ್ರು. ಅವರ ಮಕ್ಕಳೂ ಹುಡುಕ್ತಿರಬಹುದು.”

ಬಾಲರಾಜ ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದ. “ಅಣ್ಣಾ, ಕೊಟ್ಟುಬಿಡೋಣ.”

ಫೋನ್ ಇಟ್ಟವನ ಮುಖ ಸಂತೆ ಮುಗಿದ ಬಯಲಿನಂತಿತ್ತು. “ಇನ್ನ ನಿಮಗ ಬಸ್ಸಿನ ತ್ರಾಸ ಇಲ್ರಿ,” ಎಂದು ಕಂಪ್ಯೂಟರಿನ ಕಡೆ ಕೈ ಚಾಚಿದ. “ಕಡೀಕ ಒಮ್ಮೆ ಹಾಕ್ಲಾ?”

ಸ್ವರೂಪಾ ಹೆಗಲ ಚೀಲ ಇಳಿಸಿ, ಕುರ್ಚಿಯನ್ನು ಪರದೆಯಿಂದ ಅವನ ಕಡೆಗೆ ತಿರುಗಿಸಿ ಕೂತಳು.

“ಬ್ಯಾಡ್ರಿ,” ಎಂದಳು. “ಇವತ್ತ ನಾ ಸಿನಿಮಾ ನೋಡಾಕ ಬಂದಿಲ್ಲ.”