ತಪೇರಾನ ಮೇಲೆ ಬಿದ್ದ ಕಲ್ಲು

"ಇವತ್ತು ಭೂಮಿ ಮುಟ್ಟೋ ದಿನ ಅಲ್ಲ ಕಣಪ್ಪ. ಹಾರೆ ಹಾಕ್ಬೇಡ. ಬೆಟ್ಟದ ಹಿರೀಕರು ಸುಮ್ನಿರಲ್ಲ," ಎಂದಳು ತಪೇರಾನ ಮುದಿ ತಾಯಿ.

"ನಿಮ್ ಹಿರೀಕರಿಗೂ ವಾರದ ರಜಾನಾ ಅಜ್ಜಿ? ಸತ್ತ ಮೇಲೂ ಸರ್ಕಾರಿ ನೌಕರಿ ಅನ್ನಿ!" ಶಿಂಗಿರಾಯಿ ನಕ್ಕ.

ಹೆಂಡತಿ ತೀರಿಕೊಂಡ ಮೇಲೆ ಮಗಳು ರುವಾಳೊಂದಿಗೆ ಹರಾರೆ ಪಟ್ಟಣ ಬಿಟ್ಟು, ಗುರುವೆ ಸೀಮೆಯ ಈ ಶಿಲ್ಪಿಗಳ ಊರಿಗೆ ಕೆತ್ತನೆ ಕೆಲಸಕ್ಕೆಂದು ಅವನು ಬಂದು ಇನ್ನೂ ಮೂರು ತಿಂಗಳು. ಕಲ್ಲೊಳಗೆ ಯಾರೋ ಮಲಗಿರುತ್ತಾರೆ, ಉಳಿ ಅವರನ್ನು ಎಬ್ಬಿಸುತ್ತದಷ್ಟೇ ಎಂಬ ಇಲ್ಲಿಯವರ ಮಾತು ಅವನಿಗೆ ಬರೀ ಅಡಗೂಲಜ್ಜಿ ಕತೆ. ಹಿಂಜರಿಯುತ್ತಿದ್ದ ಜೊತೆಗಾರ ತಪೇರಾನನ್ನು "ಅಮ್ಮನ ಮಡಿಲು ಬಿಟ್ಟು ಬಾರೋ" ಎಂದು ಹಂಗಿಸಿ ಕಲ್ಲುಗಣಿಗೆ ಕರೆದೊಯ್ದ.

ಮಧ್ಯಾಹ್ನದೊಳಗೆ ಆಳೆತ್ತರದ ಕರಿಗಲ್ಲು ಕಳಚಿತು. ಜೀವಮಾನಕ್ಕೊಮ್ಮೆ ಸಿಗುವಂಥ ಕಲ್ಲು. ಕಳಚಿದ್ದು ತಪೇರಾನ ಎದೆಯ ಮೇಲೆ.

"ಒಡಿಯೋ ಅಣ್ಣಾ... ಉಸಿರು..."

ಕಲ್ಲಿನ ನಡುವೆ ತುಕ್ಕುಬಣ್ಣದ ಸೀಳುಗೆರೆಯಿತ್ತು. ಅಲ್ಲಿಗೊಂದು ಏಟು ಬಿದ್ದರೆ ಎರಡು ಹೋಳು. ಶಿಂಗಿರಾಯಿ ಸಮ್ಮಟಿಗೆ ಎತ್ತಿದ. ಕಲ್ಲನ್ನು ನೋಡಿದ. ಸಮ್ಮಟಿಗೆ ಇಳಿಸಿ, "ಎತ್ತೋಕೆ ಜನ ಕರ್ಕೊಂಡ್ ಬರ್ತೀನಿ" ಎಂದು ಓಡಿದ. ಜನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಒಡೆದು ಹಾಕೋಕೆ ಆಗ್ಲಿಲ್ವೇನಪ್ಪ?" ಮುದುಕಿ ಕೇಳಿದ್ದು ಅಷ್ಟೇ.

"ಹತ್ತು ಜನ ಬಡಿದ್ರೂ ಒಡೆಯೋ ಕಲ್ಲಲ್ಲ ಅಜ್ಜಿ," ಎಂದ.

ಆ ಸುಳ್ಳು ಹೇಳಿದ ಮೇಲೆ ಮುದುಕಿ ಎದುರಾದರೆ ದಾರಿ ಬದಲಿಸುತ್ತಿದ್ದ. ಆದರೂ ನಾಚಿಕೆಗೆಟ್ಟವನು, ಆ ಕಲ್ಲನ್ನೇ ಅಂಗಳಕ್ಕೆ ತರಿಸಿ ಮಗು ಹೊತ್ತ ತಾಯಿಯನ್ನು ಕೆತ್ತಲು ಕೂತ. ಉಳಿ ತಾಗಿದಾಗಲೆಲ್ಲ ಕಲ್ಲಿನಿಂದ ಹಸಿಮಣ್ಣಿನ, ಬೆವರಿನ ವಾಸನೆ ಬರುತ್ತಿತ್ತು.

"ಅಪ್ಪಾ, ಎದೆ ಮೇಲೆ ಯಾರೋ ಕೂತವ್ರೆ," ಎಂದಳು ಆರು ವರ್ಷದ ರುವಾ.

ಆಸ್ಪತ್ರೆಯ ಗುಳಿಗೆ ನಾಟಲಿಲ್ಲ. ದಿನದಿನಕ್ಕೆ ಉಸಿರು ಗಿಡ್ಡವಾಯಿತು. ಊರವರು ಪಿಸುಗುಟ್ಟಿದರು: "ನ್ಗೋಜಿ. ಅನ್ಯಾಯವಾಗಿ ಸತ್ತವ್ನು ಮನೆ ಹೊಕ್ಕವ್ನೆ. ತಪ್ಪು ಒಪ್ಕೊಳ್ಳೋವರ್ಗೂ ಬಿಡಲ್ಲ." ಶಿಂಗಿರಾಯಿ ಬೈದು ಕಳಿಸಿದ.

ಮೇಣ ಹಚ್ಚುವ ದಿನ ಬಂತು. ಕೆತ್ತಿದ ಕಲ್ಲಿನ ಸುತ್ತ ಬೆಂಕಿ ಹಾಕಿದ. ಕಾದ ಕಲ್ಲಿಗೆ ಮೇಣ ಸವರುತ್ತಿದ್ದಂತೆ ಬೂದಿಬಣ್ಣ ಹೋಗಿ ಕಡುಗಪ್ಪು ಹೊಳೆಯಿತು. ನೋಡಲು ಊರೇ ನೆರೆದಿತ್ತು. ಕಾಯಿಲೆ ಮಗುವಿಗೆಂದು ಮುದುಕಿ ಗಂಜಿಯ ಮಡಕೆ ಹಿಡಿದು ಬಂದಿದ್ದಳು. ಅದನ್ನು ಕಂಡು ಅವನಿಗೆ ಸತ್ತುಹೋಗಬೇಕೆನಿಸಿತು.

ಆಗ ಚಾಪೆಯ ಮೇಲಿದ್ದ ರುವಾ ಬಾಯಿ ತೆರೆದಳು. ಬಂದದ್ದು ಗಂಡಸಿನ ದನಿ.

"ಒಡಿಯೋ ಅಣ್ಣಾ... ಉಸಿರು..."

ಮಗುವಿನ ತುಟಿ ನೀಲಿ. ಕಣ್ಣು ಮೇಲೆ. ಎದೆ ಒಳಕ್ಕೆ, ಇನ್ನೂ ಒಳಕ್ಕೆ. ಶಿಂಗಿರಾಯಿ ಸಮ್ಮಟಿಗೆ ಎತ್ತಿದ. ಕಲ್ಲನ್ನು ನೋಡಿದ. ಎಂಥ ಚೆಲುವು! ಕೈ ಮತ್ತೆ ತಡೆಯಿತು. ಮಗುವಿನ ಗಂಟಲು ಗೊರಗುಟ್ಟಿತು. ನಿಂತಿತು. ಕಣ್ಮುಚ್ಚಿ ಹೊಡೆದ.

ಕಲ್ಲು ಎರಡು ಹೋಳಾಯಿತು.

ರುವಾ ಉಸಿರೆಳೆದು, ತನ್ನದೇ ದನಿಯಲ್ಲಿ ಹೋ ಎಂದು ಅತ್ತಳು. ಅವಳನ್ನು ಎದೆಗವಚಿಕೊಂಡು ಅವನೂ ಅತ್ತ.

ಮುದುಕಿ ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಎರಡೂ ಹೋಳುಗಳನ್ನು ನೋಡಿದಳು. ಅವನನ್ನು ನೋಡಿದಳು.

"ಒಂದೇ ಏಟಿಗೆ ಒಡೀತಲ್ಲಪ್ಪ," ಎಂದಳು.